ಒಂದೇ ಚೀಟಿ, ಎರಡು ಗಿಡ: ನರ್ಸರಿಯ ಹಳದಿ ಅಲಮಂಡದ ವಿಮರ್ಶೆ

ನರ್ಸರಿಗಳಲ್ಲಿ ‘ಅಲಮಂಡ’ ಎಂಬ ಒಂದೇ ಹೆಸರಿನ ಚೀಟಿ ಹೊತ್ತು ನಿಂತಿರುವ ಹಳದಿ ಹೂವಿನ ಗಿಡಗಳು ವಾಸ್ತವದಲ್ಲಿ ಕನಿಷ್ಠ ಎರಡು ಪ್ರಭೇದಗಳಿಗೆ ಸೇರಿದವು. ಅವುಗಳ ಹೂವಿನ ಬಣ್ಣ ಒಂದೇ ಆಗಿದ್ದರೂ ಬೆಳೆಯುವ ಬಗೆ ಬೇರೆ ಬೇರೆ. ಒಂದು ಯಾವ ಆಸರೆಯೂ ಇಲ್ಲದೆ ಎದೆಯೆತ್ತರಕ್ಕೆ ನಿಲ್ಲುವ ಪೊದೆ. ಇನ್ನೊಂದು ಆಸರೆ ದೊರೆತರೆ ಐದಾರು ಮೀಟರ್ ಏರುವ, ದೊರೆಯದಿದ್ದರೆ ಉದ್ದುದ್ದ ಗೆಲ್ಲುಗಳನ್ನು ನೆಲಕ್ಕೆ ಚಾಚಿ ಮಲಗುವ ಗಿಡ. ಕೊಳ್ಳುವವರು ಹೂವನ್ನು ನೋಡಿ ಕೊಳ್ಳುತ್ತಾರೆ, ಮಾರುವವರು ಹೂ ತುಂಬಿರುವಾಗಲೇ ಮಾರುತ್ತಾರೆ. ಗಿಡದ ನಿಜವಾದ ಸ್ವಭಾವ ತಿಳಿಯುವ ಹೊತ್ತಿಗೆ ಅದು ತಪ್ಪು ಜಾಗದಲ್ಲಿ ಆಳವಾಗಿ ಬೇರು ಬಿಟ್ಟಿರುತ್ತದೆ. ಅಲಮಂಡವನ್ನು ಮಾರಾಟದ ವಸ್ತುವೆಂದೇ ಪರಿಗಣಿಸಿ, ಯಾವುದು ಕೊಳ್ಳಲು ಯೋಗ್ಯ, ಯಾವುದು ಅಲ್ಲ ಎಂಬುದನ್ನು ಅದರ ಉದ್ಯಾನ ಚರಿತ್ರೆಯ ಬೆಳಕಿನಲ್ಲಿ ನೋಡುವುದು ಈ ಬರಹದ ಉದ್ದೇಶ. ಚರಿತ್ರೆಯನ್ನು ನಡುವೆ ತರುವುದಕ್ಕೆ ಕಾರಣವಿದೆ: ಈ ಗಿಡದ ಗುಣಗಳಲ್ಲಿ ಹಲವು, ಅದಕ್ಕಿಂತ ಮುಖ್ಯವಾಗಿ ದೋಷಗಳಲ್ಲಿ ಕೆಲವು, ಯುರೋಪಿನ ಗಾಜಿನ ಮನೆಗಳಲ್ಲಿ ನಡೆದ ಆಯ್ಕೆಯ ಫಲ.

ಅಲಮಂಡ ಕುಲದ ತವರು ದಕ್ಷಿಣ ಅಮೆರಿಕ. ಅದರ ಪ್ರಭೇದಗಳಲ್ಲಿ ಹೆಚ್ಚಿನವು ಬ್ರೆಜಿಲ್‌ನಲ್ಲಿವೆ. ಕಣಗಿಲೆ, ದೇವಕಣಗಿಲೆ, ನಂದಿಬಟ್ಟಲುಗಳ ಕುಟುಂಬಕ್ಕೆ ಸೇರಿದ ಇದರಲ್ಲಿ ಎಲ್ಲಿ ಗಾಯ ಮಾಡಿದರೂ ಹಾಲು ಒಸರುತ್ತದೆ. ಯುರೋಪಿಗೆ ಇದು ಮೊದಲು ಪರಿಚಯವಾದದ್ದು ಗಯಾನಾ ಕರಾವಳಿಯಿಂದ, ಅಂದರೆ ಅಂದಿನ ಡಚ್ಚರ ಸುರಿನಾಮ್ ಮತ್ತು ಫ್ರೆಂಚರ ಕಯೆನ್ ವಸಾಹತುಗಳಿಂದ. ಸುರಿನಾಮ್‌ನಲ್ಲಿ ಸಸ್ಯಗಳನ್ನು ಸಂಗ್ರಹಿಸಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್‌ಗೆ ಕಳುಹಿಸಿದ ಸ್ವಿಸ್ ವೈದ್ಯ ಫ್ರೆಡೆರಿಕ್ ಲೂಯಿ ಅಲಮಾಂಡ್ ಅವರ ಹೆಸರನ್ನೇ ಲಿನೇಯಸ್ 1771ರಲ್ಲಿ ಈ ಕುಲಕ್ಕೆ ಇಟ್ಟರು. ಅದೇ ಕಾಲದಲ್ಲಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಅಲಮಾಂಡ್ ಎಂಬ ಹೆಸರಿನ ಪ್ರಾಧ್ಯಾಪಕರೊಬ್ಬರು ಇದ್ದುದರಿಂದ ಹಲವು ತೋಟಗಾರಿಕೆಯ ಪುಸ್ತಕಗಳು ಇಂದಿಗೂ ಆ ಗೌರವವನ್ನು ಅವರಿಗೆ ಸಲ್ಲಿಸುತ್ತಿವೆ. ಇನ್ನೊಂದು ಕಡೆ ಕಯೆನ್‌ನಲ್ಲಿ ಕೆಲಸ ಮಾಡಿದ್ದ ಫ್ರೆಂಚ್ ಔಷಧಿಕಾರ ಓಬ್ಲೆ 1775ರಲ್ಲಿ ಇದೇ ಗಿಡವನ್ನು ‘ಒರೆಲಿಯ ಗ್ರ್ಯಾಂಡಿಫ್ಲೋರ’ ಎಂದು ವರ್ಣಿಸಿದರು. ಲಿನೇಯಸ್ ಕೊಟ್ಟ ‘ಅಲಮಂಡ ಕೆಥಾರ್ಟಿಕ’ ಎಂಬ ಹೆಸರು ಮೊದಲಿನದಾದ್ದರಿಂದ ಅದೇ ಉಳಿಯಿತು. ಸುರಿನಾಮ್‌ನಲ್ಲಿ ಇದರ ಎಲೆಯ ಕಷಾಯವನ್ನು ಭೇದಿ ಮಾಡಿಸುವ ಔಷಧವಾಗಿ ಬಳಸುತ್ತಿದ್ದರು; ಪ್ರಭೇದದ ಹೆಸರು ಆ ಬಳಕೆಯನ್ನೇ ಸೂಚಿಸುತ್ತದೆ. ಹೀಗೆ ಔಷಧದ ಗಿಡವೆಂಬ ಗುರುತಿನೊಂದಿಗೆ ಹೊರಟದ್ದು ಅಲಂಕಾರದ ಗಿಡವಾಗಿ ನೆಲೆಯೂರಿತು.

ಇಂಗ್ಲೆಂಡಿಗೆ ಅಲಮಂಡ ಬಂದದ್ದು 1785ರಲ್ಲಿ. ಕರ್ಟಿಸ್‌ನ ಸಸ್ಯಶಾಸ್ತ್ರ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿ, 1796ರಲ್ಲಿ, ಅದರ ಬಣ್ಣದ ಚಿತ್ರ ಪ್ರಕಟವಾಯಿತು. ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಬೆಳವಣಿಗೆ ನಿಲ್ಲಿಸಿ ಎಲೆ ಉದುರಿಸುವ, ಹಿಮ ಬಿದ್ದರೆ ಸುಟ್ಟುಹೋಗುವ ಗಿಡಕ್ಕೆ ಆ ದೇಶದಲ್ಲಿ ಒಂದೇ ಒಂದು ವಾಸಸ್ಥಾನವಿತ್ತು: ಬೆಂಕಿಯಿಂದಲೋ ಬಿಸಿನೀರಿನ ಕೊಳವೆಯಿಂದಲೋ ವರ್ಷವಿಡೀ ಕಾಯಿಸಿಡುವ ಗಾಜಿನ ಮನೆ. ಅಂಥ ಮನೆ ಶ್ರೀಮಂತರಿಗಷ್ಟೇ ಎಟುಕುತ್ತಿದ್ದುದರಿಂದ ಮೊದಲ ಐವತ್ತು ವರ್ಷ ಈ ಗಿಡ ಕೆಲವೇ ಸಂಗ್ರಹಗಳಲ್ಲಿ ಉಳಿಯಿತು. ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ ಕಂಡುಹಿಡಿದ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ 1830ರ ದಶಕದಿಂದ ಜೀವಂತ ಗಿಡಗಳು ಸಾಗರ ದಾಟತೊಡಗಿದವು. ಬ್ರಿಟನ್ 1845ರಲ್ಲಿ ಗಾಜಿನ ಮೇಲಿನ ತೆರಿಗೆಯನ್ನು ರದ್ದು ಮಾಡಿತು. ಉಷ್ಣವಲಯದ ಹೂಗಿಡಗಳ ವ್ಯಾಪಾರ ದೊಡ್ಡದಾಗಿ ಬೆಳೆದದ್ದು ಈ ಎರಡರ ಬೆನ್ನಿಗೆ.

ಅಲಮಂಡದ ಭವಿಷ್ಯವನ್ನು ನಿರ್ಧರಿಸಿದ್ದು ಆ ಮುಂದಿನ ಕೆಲವು ದಶಕಗಳು. ಹತ್ತೊಂಬತ್ತನೆಯ ಶತಮಾನದ ನಡುಗಾಲದ ಬ್ರಿಟನ್ನಿನ ಫಲಪುಷ್ಪ ಪ್ರದರ್ಶನಗಳಲ್ಲಿ ಇಕ್ಸೋರ, ಸ್ಟೆಫನೋಟಿಸ್ ಮುಂತಾದವುಗಳ ಜೊತೆಗೆ ಅಲಮಂಡವೂ ಬಹುಮಾನದ ಗಿಡವಾಗಿತ್ತು. ಪ್ರದರ್ಶನಕ್ಕೆ ಬೇಕಾದದ್ದು ಒಂದು ಕುಂಡ, ಅದರ ಮೇಲೆ ಹೂವಿನಿಂದ ಮುಚ್ಚಿಹೋದ ಒಂದು ಗುಮ್ಮಟ. ಕಾಡಿನಲ್ಲಿ ಇತರ ಗಿಡಗಳ ಮೇಲೆ ಒರಗಿ ಬೆಳಕಿನ ಕಡೆಗೆ ಏರುವ ಗಿಡದಿಂದ ಇಂಥ ಆಕಾರವನ್ನು ಪಡೆಯಲು ತೋಟಗಾರರು ತಂತಿಯ ಚೌಕಟ್ಟನ್ನು ಮಾಡಿ, ಚಳಿಗಾಲದ ಕೊನೆಗೆ ಹಳೆಯ ಗೆಲ್ಲುಗಳನ್ನು ಒಂದೆರಡು ಗಿಣ್ಣು ಉಳಿಸಿ ಕತ್ತರಿಸಿ, ಹೊಸದಾಗಿ ಹೊರಟ ಪ್ರತಿಯೊಂದು ಚಿಗುರನ್ನೂ ಬಗ್ಗಿಸಿ ಕಟ್ಟುತ್ತಿದ್ದರು. ಅಲಮಂಡ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಕಟುವಾಗಿ ಸವರಿದಷ್ಟೂ ಹೂವು ಹೆಚ್ಚಿತು. ಗಿಡ ತಾನೇ ನಿಲ್ಲಬೇಕೆಂಬ ಚಿಂತೆ ಅವರಿಗೆ ಇರಲಿಲ್ಲ, ಏಕೆಂದರೆ ನಿಲ್ಲಿಸುವ ಕೆಲಸ ತಂತಿಯದಾಗಿತ್ತು. ಬೀಜ ಕಟ್ಟಬೇಕೆಂಬ ಅಗತ್ಯವೂ ಇರಲಿಲ್ಲ, ಏಕೆಂದರೆ ಕಡ್ಡಿ ನೆಟ್ಟರೆ ಸುಲಭವಾಗಿ ಬೇರು ಬರುತ್ತಿತ್ತು. ಉಳಿದದ್ದು ಹೂವಿನ ಗಾತ್ರವೊಂದೇ, ಮತ್ತು ಆಯ್ಕೆ ನಡೆದದ್ದು ಅದೊಂದನ್ನೇ ಗುರಿಯಾಗಿಟ್ಟು.

ಈ ಆಯ್ಕೆಯ ಶಿಖರವೆನ್ನಬಹುದಾದದ್ದು 1860ರ ದಶಕದಲ್ಲಿ ಇಂಗ್ಲೆಂಡಿನ ನರ್ಸರಿ ವ್ಯಾಪಾರದ ಮೂಲಕ ಹರಡಿದ, ಕೆಥಾರ್ಟಿಕದ ‘ಹೆಂಡರ್ಸನಿ’ ತಳಿ. ಅಂಗೈ ಅಗಲದ, ಹತ್ತರಿಂದ ಹನ್ನೆರಡು ಸೆಂಟಿಮೀಟರ್ ಅಡ್ಡಳತೆಯ ಹೂವು, ದಪ್ಪನೆಯ ದಳಗಳು, ಹೊರಮೈಗೂ ಮೊಗ್ಗಿಗೂ ಸವರಿದಂತಿರುವ ಕಂದು ಛಾಯೆ. ಇಂದು ಉಷ್ಣವಲಯದ ತೋಟಗಳಲ್ಲಿ ಕಾಣುವ ದೊಡ್ಡ ಹೂವಿನ ಅಲಮಂಡಗಳಲ್ಲಿ ಬಹಳಷ್ಟು ಈ ತಳಿಯವು ಅಥವಾ ಇದರಂಥವು. ವಿಚಿತ್ರವೆಂದರೆ ಈ ತಳಿ ಉಷ್ಣವಲಯದ ಗಿಡವಾಗಿದ್ದರೂ ಉಷ್ಣವಲಯದ ಬಯಲಿಗಾಗಿ ಆರಿಸಲ್ಪಟ್ಟದ್ದಲ್ಲ. ಚಳಿದೇಶದ ಗಾಜಿನ ಚಾವಣಿಯ ಕೆಳಗೆ, ತಂತಿಗೆ ಕಟ್ಟಿಸಿಕೊಳ್ಳಲು ಆರಿಸಲ್ಪಟ್ಟದ್ದು. ಅದನ್ನು ಬಿಸಿಲಿನ ತೋಟದಲ್ಲಿ ನೆಟ್ಟು ಪೊದೆಯಾಗಲಿ ಎಂದು ನಿರೀಕ್ಷಿಸಿದರೆ ನಿರಾಸೆ ತಪ್ಪುವುದಿಲ್ಲ.

ಎರಡನೆಯ ಪ್ರಭೇದದ ಕಥೆ ಬೇರೆ. ಆಸ್ಟ್ರಿಯದ ರಾಜಕುಮಾರಿ ಲಿಯೊಪೋಲ್ಡಿನಾ ಪೋರ್ಚುಗಲ್‌ನ ರಾಜಕುಮಾರ ಪೆಡ್ರೊ ಅವರನ್ನು ವರಿಸಿ ಬ್ರೆಜಿಲ್‌ಗೆ ಹೊರಟ 1817ರಲ್ಲಿ ಅವರ ಜೊತೆಗೆ ಒಂದು ವೈಜ್ಞಾನಿಕ ತಂಡವೂ ಹೊರಟಿತು. ಅದರಲ್ಲಿ ಸಸ್ಯಗಳ ಸಂಗ್ರಾಹಕ ಯೋಹಾನ್ ಪೋಲ್ ಇದ್ದರು, ಮುಂದೆ ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ಉದ್ಯಾನಗಳ ನಿರ್ದೇಶಕರಾದ ಹೈನ್ರಿಕ್ ಷಾಟ್ ತೋಟಗಾರರಾಗಿ ಇದ್ದರು. ಅಲ್ಲಿ ಕಂಡ ನೆಟ್ಟನೆ ನಿಲ್ಲುವ, ಚಿಕ್ಕ ಹೂವಿನ ಅಲಮಂಡಕ್ಕೆ ಪೋಲ್ 1827ರಲ್ಲಿ ‘ಅಲಮಂಡ ಷಾಟಿಐ’ ಎಂದು ತಮ್ಮ ಸಹಚರರ ಹೆಸರಿಟ್ಟರು. ಆದರೆ ತೋಟಗಳಲ್ಲಿ ಈ ಹೆಸರಿಗೆ ನೆಮ್ಮದಿ ಸಿಗಲಿಲ್ಲ. ದೊಡ್ಡ ಹೂವಿನ ಕೆಥಾರ್ಟಿಕದ ರೂಪಗಳಿಗೂ ‘ಷಾಟಿಐ’ ಎಂಬ ಚೀಟಿ ಅಂಟಿತು. ನಿಜವಾದ ಷಾಟಿಐ ಗಿಡವನ್ನು ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಹೂಕರ್ 1851ರಲ್ಲಿ ‘ನೀರಿಫೋಲಿಯ’, ಅಂದರೆ ಕಣಗಿಲೆಯ ಎಲೆಯದು, ಎಂಬ ಹೊಸ ಹೆಸರಿನಲ್ಲಿ ಪ್ರಕಟಿಸಿದರು. ಸಸ್ಯಶಾಸ್ತ್ರಜ್ಞರು ಈ ಗೋಜಲನ್ನು ಬಿಡಿಸಿ ಬಹಳ ಕಾಲವಾಗಿದೆ, ನೀರಿಫೋಲಿಯ ಎಂಬುದು ಷಾಟಿಐಯ ಪರ್ಯಾಯ ಹೆಸರಷ್ಟೇ ಎಂದು ಒಪ್ಪಿಯೂ ಆಗಿದೆ. ನರ್ಸರಿಗಳ ಚೀಟಿಗಳಿಗೆ ಮಾತ್ರ ಆ ಸುದ್ದಿ ಇನ್ನೂ ಪೂರ್ತಿಯಾಗಿ ಮುಟ್ಟಿಲ್ಲ. ‘ಪೊದೆ ಅಲಮಂಡ’, ‘ಕುಬ್ಜ ಅಲಮಂಡ’, ‘ನೀರಿಫೋಲಿಯ’ ಎಂಬ ಮೂರು ಚೀಟಿಗಳಲ್ಲಿ ಒಂದೇ ಗಿಡ ಇರಬಹುದು, ಒಂದೇ ಚೀಟಿಯಲ್ಲಿ ಎರಡು ಗಿಡಗಳೂ ಇರಬಹುದು.

ಹಾಗಾಗಿ ಕೊಳ್ಳುವಾಗ ಚೀಟಿಯನ್ನು ಬದಿಗಿಟ್ಟು ಹೂವನ್ನೇ ಓದಬೇಕು. ಷಾಟಿಐಯ ಹೂವು ಚಿಕ್ಕದು, ಅದರ ಕೊಳವೆಯ ಬುಡ ಸ್ಪಷ್ಟವಾಗಿ ಉಬ್ಬಿರುತ್ತದೆ, ಗಂಟಲಿನೊಳಗೆ ಕೆಂಪು ಅಥವಾ ಕಿತ್ತಳೆ ಗೆರೆಗಳಿರುತ್ತವೆ. ಕೆಥಾರ್ಟಿಕದ ಹೂವು ಅಗಲವಾಗಿ ಅರಳುತ್ತದೆ, ಕೊಳವೆಯ ಬುಡ ನೀಳವಾಗಿ ಸಣ್ಣಗಿರುತ್ತದೆ. ಇನ್ನೂ ಖಚಿತವಾದ ಗುರುತು ಕಾಯಿ: ಷಾಟಿಐ ತೋಟದಲ್ಲೂ ಸಾಕಷ್ಟು ಧಾರಾಳವಾಗಿ ಮುಳ್ಳುಮುಳ್ಳಾದ ದುಂಡು ಕಾಯಿಗಳನ್ನು ಕಟ್ಟುತ್ತದೆ, ತೋಟದ ಕೆಥಾರ್ಟಿಕದಲ್ಲಿ ಕಾಯಿ ಕಾಣುವುದು ಅಪರೂಪ. ಎರಡರಲ್ಲೂ ಎಲೆಗಳು ಗಿಣ್ಣಿಗೆ ಮೂರು, ನಾಲ್ಕು, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿ ಸುತ್ತುಗಟ್ಟಿ ಬರುವುದರಿಂದ ಎಲೆಯನ್ನಷ್ಟೇ ನೋಡಿ ತೀರ್ಮಾನಿಸುವುದು ಕಷ್ಟ.

ಹೆಂಡರ್ಸನಿಯನ್ನು ಕುರಿತು ಮೊದಲು ಒಳ್ಳೆಯದನ್ನೇ ಹೇಳಬೇಕು. ಬೆಚ್ಚಗಿನ, ತೇವವಾದ ಹವೆಯಲ್ಲಿ, ದಿನದ ಬಹುಭಾಗ ನೇರ ಬಿಸಿಲು ಬೀಳುವ ಜಾಗದಲ್ಲಿ ಇದಕ್ಕೆ ಸಮನಾಗಿ ಹಳದಿ ಹೂವನ್ನು ತಿಂಗಳುಗಟ್ಟಲೆ ಕೊಡುವ ಗಿಡಗಳು ಹೆಚ್ಚಿಲ್ಲ. ಹೊಳೆಯುವ ದಟ್ಟ ಹಸಿರು ಎಲೆಯ ಮೇಲೆ ಆ ಹಳದಿ ದೂರದಿಂದಲೇ ಕಣ್ಣನ್ನು ಸೆಳೆಯುತ್ತದೆ. ಆದರೆ ಈ ಗಿಡಕ್ಕೆ ಹಿಡಿದುಕೊಳ್ಳಲು ಕುಡಿಬಳ್ಳಿಗಳಿಲ್ಲ, ಅಂಟುಬೇರುಗಳೂ ಇಲ್ಲ. ಚಪ್ಪರಕ್ಕೋ ಜಾಲರಿಗೋ ಹತ್ತಿಸಬೇಕಾದರೆ ಪ್ರತಿ ಗೆಲ್ಲನ್ನೂ ಕೈಯಾರೆ ಕಟ್ಟಬೇಕು. ಕಟ್ಟದೆ ಬಿಟ್ಟರೆ ಗೆಲ್ಲುಗಳು ಮೊದಲು ಮೇಲಕ್ಕೆ ನೆಗೆದು, ಬಳಿಕ ತಮ್ಮ ಭಾರಕ್ಕೆ ತಾವೇ ಬಾಗಿ, ಬುಡದಲ್ಲಿ ಬರಿದಾದ ಕಡ್ಡಿಗಳೂ ತುದಿಯಲ್ಲಿ ಮಾತ್ರ ಹೂವೂ ಉಳಿಯುವ ಅಸ್ತವ್ಯಸ್ತ ಗುಪ್ಪೆಯಾಗುತ್ತದೆ. ಹಳೆಯ ಗಾಜಿನ ಮನೆಯವರ ಪಾಠ ಇಲ್ಲಿ ಹಾಗೆಯೇ ಅನ್ವಯಿಸುತ್ತದೆ: ಬೆಳವಣಿಗೆ ಮಂದವಾಗಿರುವ ಋತುವಿನ ಕೊನೆಗೆ, ಹೊಸ ಚಿಗುರು ಹೊರಡುವ ಮುನ್ನ, ಹಿಂದಿನ ವರ್ಷದ ಗೆಲ್ಲುಗಳನ್ನು ನಿರ್ದಾಕ್ಷಿಣ್ಯವಾಗಿ ಗಿಡ್ಡ ಮಾಡಬೇಕು. ಅರೆಮನಸ್ಸಿನಿಂದ ತುದಿಯನ್ನಷ್ಟೇ ಚಿವುಟುತ್ತ ಹೋಗುವವರು ಹೂವನ್ನು ಕಳೆದುಕೊಳ್ಳುತ್ತಾರೆ, ಆಕಾರವನ್ನೂ ಪಡೆಯುವುದಿಲ್ಲ. ಕತ್ತರಿಸಿದ ಬೇಲಿಯಂತೆ ಚೌಕಾಕಾರದಲ್ಲಿ ಇಡಲು ಹೊರಡುವುದಂತೂ ವ್ಯರ್ಥ, ಏಕೆಂದರೆ ಕತ್ತರಿ ಪ್ರತಿ ಸಲ ತೆಗೆದುಹಾಕುವುದು ಮೊಗ್ಗುಗಳಿರುವ ತುದಿಯನ್ನೇ.

ಷಾಟಿಐ ಇಷ್ಟು ಆಡಂಬರದ್ದಲ್ಲ. ಅದರ ಹೂವು ಹೆಂಡರ್ಸನಿಯ ಅರ್ಧದಷ್ಟು ಕಾಣಬಹುದು, ಒಮ್ಮೆಗೆ ಅರಳುವ ಹೂಗಳ ಗದ್ದಲವೂ ಕಡಿಮೆ. ಆದರೆ ಒಂದೂವರೆ ಮೀಟರ್ ಆಸುಪಾಸಿನಲ್ಲಿ ತಾನಾಗಿಯೇ ನಿಲ್ಲುತ್ತದೆ, ಬುಡದಿಂದ ಕವಲೊಡೆಯುತ್ತದೆ, ಕಟ್ಟು ಕೇಳುವುದಿಲ್ಲ. ತೋಟದ ಅಂಚಿಗೆ, ಬೇಲಿಗೆ, ದೊಡ್ಡ ಕುಂಡಕ್ಕೆ ಹಳದಿ ಹೂವಿನ ಪೊದೆ ಬೇಕೆಂದು ಕೇಳುವ ಹೆಚ್ಚಿನವರಿಗೆ ಬೇಕಾದದ್ದು ನಿಜಕ್ಕೂ ಇದು. ಅವರಿಗೆ ದೊರೆಯುತ್ತಿರುವುದು ಬಹುತೇಕ ಇನ್ನೊಂದು. ದೊಡ್ಡ ಹೂವಿನ ತಳಿಗೇ ಹೆಚ್ಚು ಗಿರಾಕಿಗಳು ಎಂಬ ಕಾರಣಕ್ಕೆ ನರ್ಸರಿಗಳು ಷಾಟಿಐಯನ್ನು ಹಿಂದಿನ ಸಾಲಿಗೆ ತಳ್ಳಿರುವುದು ನನ್ನ ದೃಷ್ಟಿಯಲ್ಲಿ ಈ ವ್ಯಾಪಾರದ ಅತಿ ದೊಡ್ಡ ಅನ್ಯಾಯ. ಇದರ ಒಂದೇ ಕೊರತೆ, ಕಾಯಿಗಳು ಬಲಿತು ಒಣಗಿದಾಗ ಗಿಡಕ್ಕೆ ಬರುವ ಒರಟು ನೋಟ. ಅದು ಬೇಡವೆನಿಸಿದರೆ ಕಾಯಿ ಎಳೆಯದಾಗಿರುವಾಗಲೇ ಚಿವುಟಿ ಹಾಕಬಹುದು.

ಈಚೆಗೆ ಹೆಚ್ಚುತ್ತಿರುವ ಮೂರನೆಯ ಸರಕು, ಗೇಣೆತ್ತರದ ಗಿಡದ ತುಂಬ ಮೊಗ್ಗು ಹೊತ್ತ, ಕಿಟಕಿಯ ಬಳಿಯಲ್ಲಿಡಲು ಹೇಳಿ ಮಾಡಿಸಿದಂತಿರುವ ಪುಟ್ಟ ಕುಂಡದ ಅಲಮಂಡ. ಇವುಗಳಲ್ಲಿ ಕೆಲವು ಹುಟ್ಟಿನಿಂದಲೇ ಗಿಡ್ಡನೆಯ ತಳಿಗಳು, ಅವುಗಳ ಬಗ್ಗೆ ತಕರಾರಿಲ್ಲ. ಉಳಿದವು ಸಾಮಾನ್ಯ ಕೆಥಾರ್ಟಿಕದ ಕಡ್ಡಿಗಳು. ಗಿಣ್ಣುಗಳ ನಡುವಿನ ಅಂತರ ಹಿಗ್ಗದಂತೆ ತಡೆಯುವ ಬೆಳವಣಿಗೆ ನಿಯಂತ್ರಕ ರಾಸಾಯನಿಕವನ್ನು ಮಣ್ಣಿಗೆ ಅಥವಾ ಎಲೆಗೆ ಕೊಟ್ಟು ಅವನ್ನು ಮಾರಾಟದ ಗಾತ್ರದಲ್ಲಿ ಹಿಡಿದಿಟ್ಟಿರುತ್ತಾರೆ. ಕುಂಡದ ಗಿಡಗಳ ಉದ್ಯಮದಲ್ಲಿ ಇದು ಗುಟ್ಟಿನ ಪದ್ಧತಿಯೇನಲ್ಲ, ಹಲವು ಹೂಗಿಡಗಳಿಗೆ ಹೀಗೆ ಮಾಡುವುದುಂಟು. ಔಷಧದ ಪ್ರಭಾವ ಇಳಿಯುತ್ತಿದ್ದಂತೆ ಆ ಪುಟ್ಟ ಗಿಡದ ನಡುವಿನಿಂದ ಉದ್ದನೆಯ ತೆಳು ಗೆಲ್ಲುಗಳು ಹೊರಟು, ಕೆಲವೇ ತಿಂಗಳುಗಳಲ್ಲಿ ಅದು ತನ್ನ ಪೂರ್ವಜರ ಸ್ವಭಾವಕ್ಕೆ ಮರಳುತ್ತದೆ. ವಿಕ್ಟೋರಿಯಾ ಕಾಲದ ತಂತಿಯ ಚೌಕಟ್ಟು ಮಾಡುತ್ತಿದ್ದ ಕೆಲಸವನ್ನು ಈಗ ರಾಸಾಯನಿಕ ಮಾಡುತ್ತಿದೆ. ವ್ಯತ್ಯಾಸವೆಂದರೆ ತಂತಿ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಗಿಣ್ಣುಗಳು ಅಸಹಜವೆನಿಸುವಷ್ಟು ಒತ್ತೊತ್ತಾಗಿದ್ದು, ಎಲೆ ಮಾತ್ರ ಕಡು ಹಸಿರಾಗಿ ದಪ್ಪಗಿದ್ದರೆ ಅನುಮಾನಿಸಬೇಕು. ಒಂದು ಋತುವಿನ ಅಲಂಕಾರಕ್ಕೆ ಸಾಕೆಂದಾದರೆ ಕೊಳ್ಳಬಹುದು, ಶಾಶ್ವತವಾದ ಕುಬ್ಜ ಪೊದೆಯೆಂದು ನಂಬಿ ಕೊಳ್ಳಬಾರದು.

ಎರಡು ಸುತ್ತು ದಳಗಳಿರುವ ಹಳದಿ ಅಲಮಂಡವನ್ನು ನಾನು ಶಿಫಾರಸು ಮಾಡಲಾರೆ. ಈ ಹೂವಿನ ಸೊಗಸೆಲ್ಲ ಇರುವುದು ಅದರ ನಿರಾಡಂಬರವಾದ ತುತ್ತೂರಿಯ ಆಕಾರದಲ್ಲಿ, ದಳಗಳನ್ನು ತುರುಕಿದಾಗ ಮೊದಲು ಕಳೆದುಹೋಗುವುದು ಅದೇ. ನೇರಳೆ ಛಾಯೆಯ ಹೂವಿನದು ಬ್ರೆಜಿಲ್‌ನ ಈಶಾನ್ಯ ಭಾಗದ ಒಣ ಕುರುಚಲು ಪ್ರದೇಶದ ‘ಬ್ಲಾಂಷೆಟಿಐ’ ಎಂಬ ಬೇರೆ ಪ್ರಭೇದ. ತನ್ನ ಬೇರಿನ ಮೇಲೆ ಅದು ಮಂದವಾಗಿ ಬೆಳೆಯುವುದರಿಂದ ಹಳದಿ ಕೆಥಾರ್ಟಿಕದ ಬೇರುಗಿಡಕ್ಕೆ ಕಸಿ ಮಾಡಿ ಮಾರುವುದುಂಟು. ಹಾಗೆ ಕಸಿಯಾದ ಗಿಡವನ್ನು ಕೊಂಡವರು ಕಸಿಯ ಗಂಟಿನ ಕೆಳಗಿನಿಂದ ಹೊರಡುವ ಚಿಗುರನ್ನು ಕಂಡಾಗಲೆಲ್ಲ ಕೀಳದಿದ್ದರೆ, ನೇರಳೆಗೆ ಹಣ ಕೊಟ್ಟು ಹಳದಿಯನ್ನು ಸಾಕಿದಂತಾಗುತ್ತದೆ.

ಆರೈಕೆಯ ಮಟ್ಟಿಗೆ ಅಲಮಂಡ ಕಿರಿಕಿರಿಯ ಗಿಡವಲ್ಲ. ನೀರು ನಿಲ್ಲದ, ಸ್ವಲ್ಪ ಆಮ್ಲಗುಣವಿರುವ ಮಣ್ಣು ಅದಕ್ಕೆ ಹಿತ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ದೊರೆಯದೆ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಮಾರಾಟಕ್ಕಿಟ್ಟ ಗಿಡದಲ್ಲೇ ಈ ಲಕ್ಷಣ ಕಂಡರೆ ಬೇರೊಂದನ್ನು ಆರಿಸುವುದು ಮೇಲು. ಬಿಳಿ ನೊಣ, ಹಿಟ್ಟು ತಿಗಣೆ, ನುಸಿಗಳು ನೆರಳಿನ, ಗಾಳಿಯಾಡದ ಜಾಗದಲ್ಲಿಟ್ಟ ಗಿಡಗಳಿಗೆ ಬೇಗ ಅಂಟುತ್ತವೆ. ನೆರಳಿನಲ್ಲಿ ಹೂವೂ ಬಾರದು.

ಎರಡು ಎಚ್ಚರಿಕೆಗಳನ್ನು ಮಾತ್ರ ನರ್ಸರಿಗಳು ಹೇಳುವುದಿಲ್ಲ, ಹೇಳಬೇಕಾಗಿತ್ತು. ಮೊದಲನೆಯದು ಹಾಲು. ಕಣಗಿಲೆಯಷ್ಟು ಮಾರಕವಲ್ಲದಿದ್ದರೂ ಅಲಮಂಡದ ಯಾವ ಭಾಗವನ್ನು ತಿಂದರೂ ವಾಂತಿ, ಹೊಟ್ಟೆನೋವು, ಭೇದಿ ಆಗಬಹುದು, ಹಾಲು ತಾಕಿದರೆ ಕೆಲವರ ಚರ್ಮ ಉರಿಯುತ್ತದೆ. ವರ್ಷಕ್ಕೊಮ್ಮೆ ಕಟುವಾಗಿ ಸವರಬೇಕಾದ ಗಿಡವಾದ್ದರಿಂದ ಕೈಗವಸು ಬೇಕೇ ಬೇಕು, ಮಕ್ಕಳೂ ಸಾಕುಪ್ರಾಣಿಗಳೂ ಓಡಾಡುವ ಕಡೆ ಸವರಿದ ಗೆಲ್ಲುಗಳನ್ನು ಹಾಗೆಯೇ ಬಿಡಬಾರದು. ಎರಡನೆಯದು ಹರಡುವಿಕೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನ ಉತ್ತರ ಭಾಗದಲ್ಲಿ ಕೆಥಾರ್ಟಿಕ ತೋಟದಿಂದ ಹೊರಬಿದ್ದು ಕಳೆಯಾಗಿ ನೆಲೆನಿಂತಿದೆ. ತೋಟದಲ್ಲಿ ಕಾಯಿಯನ್ನೇ ಅಪರೂಪಕ್ಕೆ ಕಟ್ಟುವ ಗಿಡ ಹೊರಗೆ ಹಬ್ಬುವುದಕ್ಕೆ ಒಂದು ಮುಖ್ಯ ಕಾರಣ, ಸವರಿದ ಕಸವನ್ನು ಜನ ಹಳ್ಳದ ಬದಿಗೋ ಕಾಡಿನ ಅಂಚಿಗೋ ಎಸೆಯುವುದು; ತೇವವಿದ್ದ ಕಡೆ ಬಿದ್ದ ತುಂಡು ಬೇರು ಬಿಡುತ್ತದೆ. ಕಡ್ಡಿಯಿಂದ ಸುಲಭವಾಗಿ ಬೆಳೆಯುವುದು ನರ್ಸರಿಗೆ ಲಾಭದ ಗುಣ, ಬೇಲಿಯ ಆಚೆಗೆ ಅದೇ ಗುಣ ತೊಂದರೆಯದು.

ಒಟ್ಟಿನಲ್ಲಿ ನನ್ನ ತೂಕ ಹೀಗಿದೆ. ಗಟ್ಟಿಯಾದ ಚಪ್ಪರವೋ ಜಾಲರಿಯೋ ಈಗಾಗಲೇ ಇದ್ದು, ಕಟ್ಟುವುದಕ್ಕೂ ಸವರುವುದಕ್ಕೂ ಮನಸ್ಸಿರುವವರಿಗೆ ಹೆಂಡರ್ಸನಿ ಸಂಶಯವಿಲ್ಲದೆ ಕೊಳ್ಳಬಹುದಾದ ಗಿಡ. ಪೊದೆ ಬೇಕೆನ್ನುವವರು ಷಾಟಿಐಯನ್ನು ಕೇಳಿ, ಹಿಂದಿನ ಸಾಲಿನಲ್ಲಿ ಹುಡುಕಿಯಾದರೂ ತೆಗೆದುಕೊಳ್ಳಬೇಕು. ಮುಳ್ಳುಕಾಯಿ ಹೊತ್ತ ಗಿಡ ಸಿಕ್ಕರೆ ಗುರುತಿನ ಬಗ್ಗೆ ಚಿಂತೆಯೇ ಇಲ್ಲ. ಹಲವು ಗಿಡಗಳು ಬೇಕಾದವರು ಒಂದನ್ನೇ ಕೊಂಡು, ಅದು ಹೂ ಬಿಟ್ಟು ಯಾವ ಪ್ರಭೇದವೆಂದು ಖಚಿತವಾದ ಮೇಲೆ, ಬೆಚ್ಚನೆಯ ಋತುವಿನಲ್ಲಿ ಅರೆಬಲಿತ ಗೆಲ್ಲುಗಳಿಂದ ಹತ್ತು ಹದಿನೈದು ಸೆಂಟಿಮೀಟರ್ ಉದ್ದದ ಕಡ್ಡಿಗಳನ್ನು ತೆಗೆದು, ಹಾಲು ಆರಿದ ಬಳಿಕ ಮರಳು ಬೆರೆಸಿದ ಮಣ್ಣಿನಲ್ಲಿ ನೆಡಬಹುದು.